ಹೆಬ್ಬೆರಳಿನ ಕೀ



ನಮ್ಮ ಜರಗನಹಳ್ಳಿಯಲ್ಲಿ ಮದುವೆ ಮೆರವಣಿಗೆ ಬಂದರೆ ನಾವೆಲ್ಲ ಬ್ಯಾಂಡ್‌ಸೆಟ್ಟಿನ ಹಿಂದೆ ಓಡ್ತೀವಿ. ಅದರಲ್ಲಿ ಕಪ್ಪಗೆ ಉದ್ದಕ್ಕೆ, ಮೈತುಂಬಾ ಬೆಳ್ಳಿ ಬಣ್ಣದ ಕೀಗಳಿರುವ ವಾದ್ಯವೇ ಕ್ಲಾರಿಯೋನೆಟ್. ನನ್ನ ಮಾವ ಅದನ್ನೇ ಊದೋದು. ಇದು ಬರೀ ಮೆರವಣಿಗೆ ವಾದ್ಯ ಅಲ್ಲ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರು ಇದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದವರು.

ಕ್ಲಾರಿಯೋನೆಟ್ಟಿನ ಹಿಂಭಾಗದಲ್ಲಿ ಎಡಗೈ ಹೆಬ್ಬೆರಳಿಗೆ ಒಂದು ತೂತು ಇದೆ. ಅದರ ಮೇಲುಗಡೆ ಇರುವುದೇ ರಿಜಿಸ್ಟರ್ ಕೀ. ಒತ್ತಿದರೆ ಒಂದು ಪುಟ್ಟ ರಂಧ್ರ ತೆರೆಯುತ್ತದೆ. ಬೇರೆ ಬೆರಳು ಕದಲಿಸದೇ ಇದ್ದರೂ ಸ್ವರ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಎಷ್ಟು ಮೇಲಕ್ಕೆ? ಕೊಳಲನ್ನು ಜೋರಾಗಿ ಊದಿದರೆ ಸ ಹೋಗಿ ಮೇಲಿನ ಸ ಬರುತ್ತದೆ. ಇಲ್ಲಿ ಮೇಲಿನ ಸ ದಾಟಿ ಅದರಾಚೆಯ ಪ ಬರುತ್ತದೆ!

ಇದು ಯಾಕೆ? ಕೊಳಲಿನೊಳಗಿನ ಗಾಳಿಗೆ ಎರಡು ಕಡೆಯೂ ಹೊರದಾರಿ ಇದೆ. ಆದ್ದರಿಂದ ಕಂಪನ ಎರಡು ಪಟ್ಟಾಗುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ಬಾಯಿಯ ಕಡೆ ರೀಡ್ ಇರುವುದರಿಂದ ಅದು ಒಂದು ಕಡೆ ಮುಚ್ಚಿದ ನಳಿಗೆಯಂತೆ. ಅದು ಹಾರಿದರೆ ಮೂರು ಪಟ್ಟಿಗೇ. ಸೆಕೆಂಡಿಗೆ 150 ಸಲ ಕಂಪಿಸುತ್ತಿದ್ದ ಗಾಳಿ 450 ಸಲ ಕಂಪಿಸುತ್ತದೆ.

ಆ ರಂಧ್ರ ಇರುವುದು ಬಾಯಿಯಿಂದ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ದೂರದಲ್ಲಿ. ತಗ್ಗು ಸ್ವರಕ್ಕೆ ಅಲ್ಲಿ ಗಾಳಿಯ ಒತ್ತಡ ಬೇಕು. ರಂಧ್ರ ತೆರೆದರೆ ಅದು ಸೋರಿಹೋಗಿ ಸ್ವರ ನಿಲ್ಲುವುದಿಲ್ಲ. ಮೂರು ಪಟ್ಟಿನ ಸ್ವರಕ್ಕೆ ಅಲ್ಲಿ ಒತ್ತಡದ ಏರಿಳಿತವೇ ಇಲ್ಲ, ಹಾಗಾಗಿ ಅದು ಉಳಿಯುತ್ತದೆ. 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕ್ರಿಸ್ಟಾಫ್ ಡೆನ್ನರ್ ಎಂಬುವರು ಇಂಥ ಕೀ ಇಟ್ಟು ಕ್ಲಾರಿಯೋನೆಟ್ ಮಾಡಿದರು ಅಂತಾರೆ.

ಒಂದು ಮದುವೆಯಲ್ಲಿ ಮಾವ ಕೀ ಒತ್ತಿದರೂ ಮೇಲಿನ ಸ್ವರ ಬರಲೇ ಇಲ್ಲ. "ನಿನ್ಗೆ ವಯಸ್ಸಾಯ್ತು, ಉಸಿರು ಸಾಲ್ದು" ಅಂತ ಬ್ಯಾಂಡಿನವರು ಅರ್ಧ ಕೂಲಿ ಕೊಟ್ಟು ಕಳಿಸಿದರು. ಮಾವ ಮನೆಗೆ ಬಂದು ಸುಮ್ಮನೆ ಕೂತುಬಿಟ್ಟರು. ಉಣ್ಣಲಿಲ್ಲ. ಮಾರನೇ ದಿನ ಇಬ್ಬರೂ ಸೇರಿ ಆ ಕೀ ಬಿಚ್ಚಿ ನೋಡಿದೆವು. ಒರೆಸುವ ಬಟ್ಟೆಯ ನೂಲು ಎಂಜಲಿನ ಜೊತೆ ಒಣಗಿ ರಂಧ್ರವೇ ಮುಚ್ಚಿಹೋಗಿತ್ತು! ಕೋಳಿ ಪುಕ್ಕದ ದಂಟಿನಿಂದ ಮೆಲ್ಲಗೆ ತೆಗೆದೆ. ಮಾವ ಊದಿದರು. ಸ್ವರ ಸರ್ರಂತ ಮೇಲಕ್ಕೆ ಹೋಯ್ತು. ಅವರ ಕಣ್ಣಲ್ಲಿ ನೀರು ಬಂತು.

ಉಸಿರು ಸರಿಯಾಗೇ ಇತ್ತು, ಕೆಟ್ಟಿದ್ದು ರಂಧ್ರ. ಇನ್ನೊಂದು ಸಲ ಮೆರವಣಿಗೆ ಬಂದಾಗ ವಾದ್ಯದ ಹಿಂದೆ ನಿಂತು ಆ ಎಡಗೈ ಹೆಬ್ಬೆರಳನ್ನು ನೋಡಿ.