ಮುಂಬದಿ ಲೋಡರ್ ಇರುವ ಹಳೆಯ ಟ್ರ್ಯಾಕ್ಟರ್ : ಕೊಳ್ಳುವ ಮೊದಲು ಪರೀಕ್ಷಿಸಿರಿ

ಧಾರವಾಡದಿಂದ ಅಳ್ನಾವರದ ಕಡೆಗೆ ಸಾಗುವ ರೈಲು ಹಾದಿಯಲ್ಲಿರುವ ಮುಗದ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಳೆಯನ್ನೇ ನಂಬಿ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಇದೆ. ರೋಹಿಣಿ ಮಳೆ ಬೀಳುವುದರೊಳಗೆ ತಿಪ್ಪೆಗೊಬ್ಬರ ಹೊಲ ಸೇರಬೇಕು. ಕೆರೆಯ ಹೂಳು ಹೇರುವುದಿದ್ದರೆ ಅದೂ ಮುಗಿಯಬೇಕು. ಬುಟ್ಟಿಯಲ್ಲಿ ತುಂಬಿ ಹೇರಲು ಆಳುಗಳು ಸಿಗುವುದು ಕಷ್ಟ. ಆದುದರಿಂದ ಮುಂದುಗಡೆ ಲೋಡರ್ ಕೂಡಿಸಿದ ಹಳೆಯ ಟ್ರ್ಯಾಕ್ಟರ್ ಕಡಿಮೆ ಬೆಲೆಗೆ ದೊರೆತರೆ ಕೊಳ್ಳೋಣವೆಂದು ಅನೇಕ ರೈತ ಬಾಂಧವರು ಯೋಚಿಸುತ್ತಾರೆ. ಯೋಚನೆ ತಪ್ಪಲ್ಲ. ಆದರೆ ಯುಗಾದಿಗೆ ಕೊಂಡ ಯಂತ್ರ ರೋಹಿಣಿಯ ಹೊತ್ತಿಗೆ ಮಿಸ್ತ್ರಿಯ ಅಂಗಳದಲ್ಲಿ ನಿಂತರೆ ಹಣದೊಂದಿಗೆ ಹಂಗಾಮೂ ಕೈತಪ್ಪುತ್ತದೆ.

ಸಾಮಾನ್ಯವಾಗಿ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳಿ, ಟಾಯರು ನೋಡಿ, ಬೆಲೆ ಮಾತಾಡುತ್ತಾರೆ. ಲೋಡರ್ ಇರುವ ಟ್ರ್ಯಾಕ್ಟರಿಗೆ ಇಷ್ಟು ಸಾಲದು. ಇಲ್ಲಿ ಎಂಜಿನ್ನಿಗಿಂತ ಮೊದಲು ಸವೆಯುವುದು ಮುಂದಿನ ಎಕ್ಸೆಲ್, ಕ್ಲಚ್ ಮತ್ತು ಹೈಡ್ರಾಲಿಕ್ ಭಾಗಗಳು. ಇದಕ್ಕೆ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಾಲು ಘನ ಮೀಟರ್ ಹಿಡಿಯುವ ಬಕೆಟಿನಲ್ಲಿ ಹಸಿ ಹೂಳು ತುಂಬಿದರೆ ಸುಮಾರು 400 ಕಿ.ಗ್ರಾಂ. ತೂಗುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2 ಮೀಟರ್ ಇದ್ದು, ಬಕೆಟಿನ ಭಾರ ಮುಂದಿನ ಎಕ್ಸೆಲ್‌ನಿಂದ ಒಂದೂವರೆ ಮೀಟರ್ ಮುಂದೆ ಇದ್ದರೆ, ಮುಂದಿನ ಎಕ್ಸೆಲ್ ಮೇಲೆ 400 ಅಲ್ಲ, 700 ಕಿ.ಗ್ರಾಂ. ಹೆಚ್ಚಾಗಿ ಬೀಳುತ್ತದೆ, ಹಿಂದಿನ ಗಾಲಿಗಳು 300 ಕಿ.ಗ್ರಾಂ.ನಷ್ಟು ಹಗುರಾಗುತ್ತವೆ. ನೇಗಿಲು, ಕುಂಟೆ ಎಳೆಯಲು ಮಾಡಿದ ಹಳೆಯ ಟ್ರ್ಯಾಕ್ಟರಿನ ಮುಂಭಾಗಕ್ಕೆ ಇದು ದೊಡ್ಡ ಹೊರೆ. ಆದುದರಿಂದ ಪರೀಕ್ಷೆಯನ್ನು ಮುಂಭಾಗದಿಂದಲೇ ಆರಂಭಿಸಿರಿ.

ಮುಂದಿನ ಎಕ್ಸೆಲ್ : ಸಮನಾದ ನೆಲದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಕಟ್ಟಿಗೆಯ ದಿಮ್ಮಿ ಇಡಿಸಿರಿ. ಬಕೆಟನ್ನು ನೆಲಕ್ಕೆ ಒತ್ತಿ ಗಾಲಿ ಎತ್ತುವ ರೂಢಿ ಅಪಾಯಕರ. ಗಾಲಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿರಿ. ಸಡಿಲವಿದ್ದರೆ ಬೇರಿಂಗ್, ಕಿಂಗ್ ಪಿನ್ ಅಥವಾ ಬುಷ್ ಸವೆದಿದೆ. ಎಕ್ಸೆಲಿನ ನಡುವಿನ ಪಿನ್ನನ್ನೂ ಸನಿಕೆಯಿಂದ ಮೀಟಿ ನೋಡಿರಿ. ಬುಷ್ ಬದಲಿಸುವುದು ಸಣ್ಣ ಖರ್ಚು; ಎಕ್ಸೆಲ್ ಬಾಗಿದ್ದರೆ ಅಥವಾ ಅದರ ಆಧಾರದ ಎರಕದಲ್ಲಿ ಬಿರುಕಿದ್ದರೆ ವ್ಯಾಪಾರ ಬಿಡುವುದೇ ಲೇಸು.

ಚೌಕಟ್ಟು ಮತ್ತು ತೋಳುಗಳು : ಲೋಡರಿನ ಚೌಕಟ್ಟು ಟ್ರ್ಯಾಕ್ಟರಿನ ಉದ್ದಕ್ಕೂ ಆಧಾರ ಪಡೆದಿರಬೇಕು. ಮುಂಭಾಗಕ್ಕೆ ಮಾತ್ರ ಬೋಲ್ಟ್ ಹಾಕಿ ಕೂಡಿಸಿದ್ದರೆ ಎಂಜಿನ್ನಿನ ಎರಕಕ್ಕೆ ಪೆಟ್ಟು ಬೀಳುತ್ತದೆ. ಹೊಸ ಬಣ್ಣ ಬಳಿದ ಕೀಲುಗಳನ್ನು ಸಂಶಯದಿಂದ ನೋಡಿರಿ. ಬಣ್ಣದ ಕೆಳಗೆ ಬೆಸುಗೆ ಇರಬಹುದು. ಬಕೆಟನ್ನು ಸಮತಟ್ಟಾದ ನೆಲಕ್ಕೆ ಇಳಿಸಿದಾಗ ಒಂದು ಮೂಲೆ ಮೇಲೆದ್ದರೆ ತೋಳು ತಿರುಚಿದೆ ಎಂದರ್ಥ.

ಹೈಡ್ರಾಲಿಕ್ : ಅರ್ಧ ತಾಸು ಕೆಲಸ ಮಾಡಿಸಿ, ಎಣ್ಣೆ ಬಿಸಿಯಾದ ಮೇಲೆ ಪರೀಕ್ಷಿಸಿರಿ, ಸವೆದ ಪಂಪು ತಣ್ಣಗಿರುವಾಗ ಚೆನ್ನಾಗಿಯೇ ಎತ್ತುತ್ತದೆ. ತುಂಬಿದ ಬಕೆಟನ್ನು ಎದೆಯ ಮಟ್ಟಕ್ಕೆ ಎತ್ತಿ ಎಂಜಿನ್ ನಿಲ್ಲಿಸಿ 10 ನಿಮಿಷ ಕಾಯಿರಿ. ಒಂದೆರಡು ಅಂಗುಲ ಇಳಿದರೆ ಹಳೆಯ ಯಂತ್ರಕ್ಕೆ ಸಹಜ. ಒಂದು ಅಡಿ ಇಳಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಕೆಟ್ಟಿದೆ. ಬಕೆಟಿನ ಕೆಳಗೆ ಯಾರೂ ನಿಲ್ಲಕೂಡದು. ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಕೂಡದು. ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿರಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಕ್ಲಚ್ ಮತ್ತು ಗೇರು : ಲೋಡರ್ ಕೆಲಸದಲ್ಲಿ ಪದೇ ಪದೇ ಹಿಂದೆ ಮುಂದೆ ಸಾಗಬೇಕಾದ್ದರಿಂದ ಕ್ಲಚ್ ಬೇಗ ಸವೆಯುತ್ತದೆ. ಬಯಲಿನಲ್ಲಿ ಬ್ರೇಕು ಒತ್ತಿ ಹಿಡಿದು, ಮೇಲಿನ ಗೇರು ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಿಸಿರಿ. ಎಂಜಿನ್ ನಿಂತುಬಿಡಬೇಕು, ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬೇರ್ಪಡಿಸಬೇಕಾಗುವುದರಿಂದ ಕೂಲಿ ಹೆಚ್ಚು. ಹಿಂದಕ್ಕೆ ಸಾಗುವಾಗ ಗೇರು ತಾನಾಗಿ ಬಿಡುವುದೂ ಕೆಟ್ಟ ಲಕ್ಷಣ.

ಎಂಜಿನ್ : ನೀವು ಹೋಗುವ ಮೊದಲೇ ಚಾಲೂ ಮಾಡಿರಬಾರದೆಂದು ತಿಳಿಸಿರಿ, ಬಾನೆಟ್ ಮುಟ್ಟಿ ತಣ್ಣಗಿರುವುದನ್ನು ಖಾತ್ರಿ ಮಾಡಿಕೊಳ್ಳಿರಿ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಕಂಪ್ರೆಷನ್ ಕುಂದಿರಬಹುದು ಅಥವಾ ನೀರು ಒಳಸೇರುತ್ತಿರಬಹುದು. ಕಪ್ಪು ಹೊಗೆಗೆ ಏರ್ ಕ್ಲೀನರ್ ಕಟ್ಟಿಕೊಂಡಿರುವುದೂ ಕಾರಣವಿರಬಹುದು. ಅದು ಸುಲಭದ ದುರಸ್ತಿ. ತಾಸಿನ ಮೀಟರನ್ನು ಪೂರ್ತಿ ನಂಬಬೇಡಿರಿ. ಸವೆದ ಪೆಡಲುಗಳು ಹೆಚ್ಚು ನಿಜ ಹೇಳುತ್ತವೆ.

ಬಿಡಿಭಾಗ ಮತ್ತು ಕಾಗದಪತ್ರ : ಎಚ್.ಎಂ.ಟಿ.ಯ ಪಿಂಜೋರ್ ಕಾರ್ಖಾನೆಯಲ್ಲಿ 1971ರಿಂದ ಟ್ರ್ಯಾಕ್ಟರ್ ತಯಾರಾಗುತ್ತಿತ್ತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಇಂಥ ಟ್ರ್ಯಾಕ್ಟರ್ ಆಗಲಿ, ಹಳೆಯ ಫೋರ್ಡ್ 3600 ಆಗಲಿ ಕೊಳ್ಳುವುದಿದ್ದರೆ, ಮೊದಲು ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಕ್ಲಚ್ ಪ್ಲೇಟು, ಪಂಪು ಮತ್ತು ಬುಷ್‌ಗಳ ಬೆಲೆ ವಿಚಾರಿಸಿರಿ. ಆರ್.ಸಿ.ಯಲ್ಲಿನ ಎಂಜಿನ್ ಹಾಗೂ ಚಾಸಿ ನಂಬರುಗಳನ್ನು ಯಂತ್ರದ ಮೇಲಿನವುಗಳೊಂದಿಗೆ ತಾಳೆ ನೋಡಿರಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿರಬೇಕು. ಬ್ಯಾಂಕಿನ ಸಾಲದ ನಮೂದು ಇದ್ದರೆ ಅದನ್ನು ಫಾರಂ 35ರಿಂದ ತೆಗೆಸಿದ ಮೇಲೆ, ಫಾರಂ 29 ಮತ್ತು 30ರಲ್ಲಿ ಹೆಸರು ಬದಲಾಯಿಸಿಕೊಳ್ಳಿರಿ. ಲೋಡರನ್ನು ಆಮೇಲೆ ಕೂಡಿಸಿದ್ದರೆ ಅದಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಇದೆಯೇ ಎಂದು ಕೇಳಿರಿ.

ಲೆಕ್ಕ ಹಾಕಿ ತೀರ್ಮಾನಿಸಿರಿ : ಕಂಡ ದೋಷಗಳ ದುರಸ್ತಿ ಖರ್ಚನ್ನು ಮಿಸ್ತ್ರಿಯಿಂದ ಬರೆಸಿ ಬೆಲೆಗೆ ಕೂಡಿಸಿರಿ. ಒಟ್ಟು 3 ಲಕ್ಷ ರೂಪಾಯಿ ಆಯಿತು, ವರ್ಷಕ್ಕೆ 20 ದಿನದಂತೆ 5 ವರ್ಷ ದುಡಿಸುವಿರಿ ಎಂದಿಟ್ಟುಕೊಳ್ಳಿರಿ. ಡೀಸೆಲ್ ಮತ್ತು ಬಡ್ಡಿ ಬಿಟ್ಟು ದಿನಕ್ಕೆ 3,000 ರೂಪಾಯಿ ಬಿತ್ತು. ಊರಲ್ಲಿ ಸಿಗುವ ಬಾಡಿಗೆ ಯಂತ್ರದ ದರದೊಂದಿಗೆ ಇದನ್ನು ಹೋಲಿಸಿರಿ. ಬಾಡಿಗೆಯೇ ಅಗ್ಗವಾದರೆ ಕೊಳ್ಳದಿರುವುದೇ ಲಾಭ.

ಕೊಂಡ ಮೇಲೆ ಹಿಂದಿನ ಲಿಂಕಿಗೆ ಕಲ್ಲು ತುಂಬಿದ ಭದ್ರವಾದ ಪೆಟ್ಟಿಗೆ ತೂಗುಹಾಕಿ, ತುಂಬಿದ ಬಕೆಟನ್ನು ಮೊಣಕಾಲ ಮಟ್ಟದಲ್ಲಿಟ್ಟೇ ಸಾಗಿರಿ. ಇಳಿಜಾರಿನಲ್ಲಿ ಎತ್ತರಿಸಿದ ಬಕೆಟಿನೊಡನೆ ತಿರುಗಿದರೆ ಟ್ರ್ಯಾಕ್ಟರ್ ಮಗುಚುತ್ತದೆ; ಹಳೆಯ ಟ್ರ್ಯಾಕ್ಟರುಗಳಲ್ಲಿ ಚಾಲಕನನ್ನು ಕಾಪಾಡುವ ಕಮಾನು ಸಾಮಾನ್ಯವಾಗಿ ಇರುವುದಿಲ್ಲ. ಪರೀಕ್ಷೆಗೆ ಒಂದು ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಮಾರುವವರು ಅದಕ್ಕೂ ಒಪ್ಪದಿದ್ದರೆ ಮುಂಗಡ ಕೊಡದೆ ಹಿಂದಿರುಗಿರಿ.