ಚೈನು ಹಿಗ್ಗುವುದಿಲ್ಲ, ಸವೆಯುತ್ತದೆ

ವರ್ಷಗಟ್ಟಲೆ ತುಳಿದ ಸೈಕಲ್ಲಿನ ಚೈನು ಜೋತುಬೀಳುತ್ತದೆ. ಎಳೆದೆಳೆದು ಉಕ್ಕು ಹಿಗ್ಗಿತೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕಾಲಿನ ಬಲಕ್ಕೆ ಹಿಗ್ಗಿ ಹಾಗೆಯೇ ಉಳಿಯುವಷ್ಟು ಮೆತ್ತಗಿನ ಉಕ್ಕು ಅದಲ್ಲ. ಉದ್ದ ಹೆಚ್ಚುವುದು ಕೀಲುಗಳ ಸವೆತದಿಂದ.

ಈಗಿನ ಸೈಕಲ್ ಚೈನಿನ ಮೂಲರೂಪವಾದ ರೋಲರ್ ಚೈನನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದ. ಈಗಿನ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಲ್ಲುಚಕ್ರಗಳನ್ನು ಕೊರೆಯುವುದೂ ಇದೇ ಅಳತೆಗೆ. ಚೈನು ಚಕ್ರವನ್ನು ಹತ್ತುವಾಗ ಪ್ರತಿ ಕೀಲೂ ಮಡಿಯುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. 11 ಹಲ್ಲಿನ ಚಕ್ರದಲ್ಲಿ ಕೀಲು ಸುಮಾರು 33 ಡಿಗ್ರಿ ಮಡಿದರೆ, 22 ಹಲ್ಲಿನದರಲ್ಲಿ 16 ಡಿಗ್ರಿ ಮಾತ್ರ. ಹೀಗೆ ಮಡಿಯುವಾಗಲೆಲ್ಲ ಪಿನ್ನು ತಾನು ಕೂತ ಗೂಡನ್ನು ಉಜ್ಜುತ್ತದೆ. ರಸ್ತೆಯ ದೂಳು ಎಣ್ಣೆಯೊಡನೆ ಬೆರೆತು ಒಳಗಿಳಿದರೆ ಲೋಹ ಇನ್ನೂ ಬೇಗ ತೇಯುತ್ತದೆ. ಕೀಲೊಂದಕ್ಕೆ ಸರಾಸರಿ 0.06 ಮಿ.ಮೀ., ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು ಸವೆದರೆ ಸಾಕು, ಇಡೀ ಚೈನು ಶೇ. 0.5ರಷ್ಟು ಉದ್ದವಾಗುತ್ತದೆ.

ಈ ಸವೆತ ಚೈನಿನಲ್ಲೇ ನಿಲ್ಲುವುದಿಲ್ಲ. ಪಿನ್ನುಗಳ ಅಂತರ ಹೆಚ್ಚಿದಾಗ ಅವುಗಳ ಸುತ್ತ ತಿರುಗುವ ರೋಲರುಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರುತ್ತವೆ. ಹಲವು ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಅವು ಒಂದೇ ಮಗ್ಗುಲಲ್ಲಿ ತೇದು ಕೊಕ್ಕೆಯಾಗುತ್ತವೆ. ಸವೆದ ಚೈನು ತನ್ನ ಅಳತೆಗೆ ತಕ್ಕಂತೆ ಹಲ್ಲುಗಳನ್ನೂ ತೇಯ್ದುಕೊಂಡಿರುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಅದು ಆ ಹಲ್ಲುಗಳಿಗೆ ಒಗ್ಗುವುದಿಲ್ಲ. ಏರಿನಲ್ಲಿ ಜೋರಾಗಿ ತುಳಿದಾಗ ಹಲ್ಲು ತಪ್ಪಿ ಜಿಗಿಯುತ್ತದೆ. ತುಳಿಯುವವನು ಆಯತಪ್ಪಿ ಬೀಳಲೂಬಹುದು.

ಗೇರಿಲ್ಲದ ಸೈಕಲ್ಲಿನಲ್ಲಿ ಚೈನು ಸಡಿಲವಾದಾಗ ಹಿಂದಿನ ಗಾಲಿಯನ್ನು ಹಿಂದಕ್ಕೆಳೆದು ಬಿಗಿ ಮಾಡುತ್ತೇವೆ. ಎಳೆಯಲು ಜಾಗವಿಲ್ಲದಾಗ ಕೊಂಡಿಗಳನ್ನು ತೆಗೆಸುತ್ತೇವೆ. ಇದರಿಂದ ಜೋಲು ಹೋಗುತ್ತದೆ, ಸವೆತ ಹೋಗುವುದಿಲ್ಲ; ಉಳಿದ ಕೀಲುಗಳೆಲ್ಲ ಹಾಗೆಯೇ ಹಲ್ಲುಗಳನ್ನು ತಿನ್ನುತ್ತಿರುತ್ತವೆ. ಗೇರ್ ಸೈಕಲ್ಲಿನಲ್ಲಂತೂ ಗೇರು ಬದಲಿಸುವ ಡಿರೇಲರಿನ ಸ್ಪ್ರಿಂಗು ಜೋಲನ್ನು ಎಳೆದುಕೊಳ್ಳುವುದರಿಂದ ಸವೆತ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಅಳೆದೇ ನೋಡಬೇಕು.

ಅದಕ್ಕೆ ಒಂದಡಿಗಿಂತ ತುಸು ಉದ್ದದ ಸ್ಕೇಲು ಸಾಕು. ಚೈನನ್ನು ಬಿಗಿಯಾಗಿರಿಸಿ, ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ಅಲ್ಲಿಂದ 24ನೆಯ ಪಿನ್ನನ್ನು ನೋಡಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚಿನ ಗೆರೆಯ ಮೇಲಿರುತ್ತದೆ. ಒಂದೂವರೆ ಮಿ.ಮೀ. ಆಚೆ ಸರಿದಿದ್ದರೆ ಚೈನು ಬದಲಿಸುವ ಹೊತ್ತು ಬಂದಿದೆ. ಆಗ ಬದಲಿಸಿದರೆ ಹಲ್ಲುಗಳು ಸಾಮಾನ್ಯವಾಗಿ ಉಳಿಯುತ್ತವೆ. ಮೂರು ಮಿ.ಮೀ. ಸರಿದಿದ್ದರೆ ಹಿಂದಿನ ಫ್ರೀವೀಲನ್ನೂ ಜೊತೆಗೇ ಬದಲಿಸಬೇಕಾದೀತು. ಪೆಡಲಿನ ಬಳಿಯ ದೊಡ್ಡ ಚಕ್ರ ಹೆಚ್ಚು ಕಾಲ ಬಾಳುತ್ತದೆ: ಅಲ್ಲಿ ಭಾರ ಹಂಚಿಕೊಳ್ಳಲು ಹಲ್ಲುಗಳು ಹೆಚ್ಚು, ಪ್ರತಿ ಹಲ್ಲಿನ ಸರದಿಯೂ ಅಪರೂಪ.

ಎಣ್ಣೆ ಹಾಕುವುದಕ್ಕೂ ಒಂದು ಕ್ರಮವಿದೆ. ಮೊದಲು ಕೊಳೆ ತೆಗೆದು, ಚೈನು ಒಣಗಿದ ಮೇಲೆ ಪ್ರತಿ ರೋಲರಿಗೂ ಒಂದೊಂದು ಹನಿ ಬಿಟ್ಟು, ಹೊರಗಿನ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಎಣ್ಣೆಗೆ ಕೆಲಸವಿರುವುದು ಕೀಲಿನೊಳಗೆ. ಹೊರಗೆ ಉಳಿದದ್ದು ದೂಳನ್ನು ಹಿಡಿಯುತ್ತದೆ.

ಹಳೆಯ ಸೈಕಲ್ಲಿನ ರಿಪೇರಿಯಲ್ಲಿ ಯಾವ ಭಾಗವನ್ನೂ ಒಂಟಿಯಾಗಿ ನೋಡಬಾರದು. ಒಂದಕ್ಕೊಂದು ತಾಗಿ ಓಡುವ ಭಾಗಗಳು ಒಂದನ್ನೊಂದು ಸವೆಸುತ್ತವೆ. ಅವುಗಳಲ್ಲಿ ಚೈನು ಬೇಗ ಸವೆಯುವಂಥದ್ದು, ಸಾಮಾನ್ಯವಾಗಿ ಅಗ್ಗವಾದದ್ದೂ ಹೌದು. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ, ದುಬಾರಿ ಹಲ್ಲುಚಕ್ರಗಳು ಹಲವು ಚೈನುಗಳ ಕಾಲ ದುಡಿಯುತ್ತವೆ.