ಊರಿಗೆ ಹೊರಟ ಆಳಿನ ಜ್ವರ

ಲೆಕ್ಕ ಚುಕ್ತಾ ಮಾಡಿ ಆಳುಗಳನ್ನು ಬಸ್ಸು ಹತ್ತಿಸಿದರೆ ಹೊಣೆ ತೀರಿತೆಂದೇ ನಾವು ಬೆಳೆಗಾರರು ಬಗೆದಿದ್ದೇವೆ. ಅದು ಸರಿಯಲ್ಲ.

ಕಾಫಿ ಕೊಯ್ಲಿಗೂ ಕೊನೆಕೊಯ್ಲಿಗೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಮಲೆನಾಡಿನ ನಮ್ಮ ತೋಟಗಳಿಗೆ ಬರುವವರು ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಎಲ್ಲಮ್ಮನ ಜಾತ್ರೆಗೆಂದು ಊರಿಗೆ ಹೊರಡುತ್ತಾರೆ. ಮಂಗನ ಕಾಯಿಲೆಯ ಕಾಲವೂ ಅದೇ. ಉಣುಗಿನ ಮರಿಗಳು ತರಗೆಲೆಯಲ್ಲಿ ತುಂಬಿರುವ ದಿನಗಳು. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಏರುತ್ತದೆ. ಕಚ್ಚಿದ್ದು ನಮ್ಮ ಸೊಪ್ಪಿನಬೆಟ್ಟದಲ್ಲಿ, ಮಲಗುವುದು ಸವದತ್ತಿಯಲ್ಲಿ! ಕರಿಮಣ್ಣಿನ ಸೀಮೆಯ ಡಾಕ್ಟರರಿಗೆ ಕಾಡಿನ ಜ್ವರ ನೆನಪಾಗುವುದಾದರೂ ಹೇಗೆ?

ಇದು ಬರಿಯ ಊಹೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ, 2016ರಲ್ಲಿ ಗೋವಾದ ಗೇರು ತೋಟಗಳಲ್ಲಿ ದುಡಿದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲಿ ಕಂಡಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ರಕ್ತ ಪರೀಕ್ಷಿಸಿದರು. ಎಲ್ಲಿ ದುಡಿದು ಬಂದರೆಂದು ವಿಚಾರಿಸಿದ್ದರಿಂದಲೇ ರೋಗದ ಜಾಡು ಸಿಕ್ಕಿತು.

ನಮ್ಮದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಕೆಳಗೆ ರಾಮದುರ್ಗದ ಕಡೆಯ ಆಳೊಬ್ಬ ಹೊರಡುವ ದಿನ "ಮೈ ಬಾಳ ನೋಯ್ತೈತ್ರಿ ಸಾಹೇಬ್ರ" ಎಂದ. ದಣಿವೆಂದು ಎರಡು ಮಾತ್ರೆ ಕೊಟ್ಟು ಕಳಿಸಿದೆವು. ಹಿಂದಿನ ವಾರವಷ್ಟೇ ಅವನಿಂದ ಬೆಟ್ಟದ ದರಗು ಹೊರಿಸಿದ್ದೆವು. ಊರಲ್ಲಿ ಹನ್ನೆರಡು ದಿನ ಮಲಗಿ ಎದ್ದನಂತೆ. ಯಾವ ಜ್ವರವೋ! ರಕ್ತ ತೆಗೆದವರಿಲ್ಲ, ಎಲ್ಲಿಂದ ಬಂದೆಯೆಂದು ಕೇಳಿದವರೂ ಇಲ್ಲ. ಮರುವರ್ಷ ಅವನು ಬರಲಿಲ್ಲ.

ಈ ರೋಗಕ್ಕೆ ಬಿದ್ದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಹಳೆಯ ಲಸಿಕೆ 2022ರಿಂದ ನಿಂತಿದೆ. ಬೇಗ ಗುರುತಿಸಿ ಆರೈಕೆ ಮಾಡುವುದೇ ದಾರಿ. ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲಿ ವೈರಾಣು ನೇರವಾಗಿ ಸಿಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡದು; ಆದ್ದರಿಂದ ಜ್ವರ ಬಂದವನನ್ನು ಲೈನಿನಿಂದ ಹೊರಹಾಕುವುದು ಶುದ್ಧ ಅವಿವೇಕ. ಪಗಾರ ಹೋದೀತೆಂಬ ಅಂಜಿಕೆಗೇ ಎಷ್ಟೋ ಆಳುಗಳು ಜ್ವರ ಮುಚ್ಚಿಡುವುದುಂಟು. ಆ ದಿನಗಳ ಕೂಲಿ ಕೊಟ್ಟುಬಿಡಿ, ತಾವಾಗಿಯೇ ಹೇಳುತ್ತಾರೆ.

ಬೆಟ್ಟಕ್ಕೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಸಿ, ಮೈತುಂಬ ಬಟ್ಟೆ ತೊಡಿಸಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು ಆಗಲಿ. ಮಂಗ ಸತ್ತಿದ್ದರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಊರಿಗೆ ಹೊರಟವರ ಕೈಗೆ ಒಂದು ಚೀಟಿ ಕೊಡಿ: ದುಡಿದ ಊರು, ತಾಲ್ಲೂಕು, ಬೆಟ್ಟಕ್ಕೆ ಹೋದ ಕೊನೆಯ ದಿನ, ಹತ್ತಿರ ಮಂಗ ಸತ್ತಿತ್ತೇ ಎಂಬುದು, ನಿಮ್ಮ ಫೋನ್ ಸಂಖ್ಯೆ. ಜ್ವರ ಬಂದರೆ ಡಾಕ್ಟರರಿಗೆ ಇದನ್ನೇ ಮೊದಲು ತೋರಿಸಬೇಕೆಂದು ಹೇಳಿ. ಅಚ್ಚು ಹಾಕಿಸಿದ ಚೀಟಿಗಳು ಸಂಘದ ಕಚೇರಿಯಲ್ಲಿ ಗೊಬ್ಬರದ ರಸೀದಿ ಕೊಡುವ ಮೇಜಿನ ಮೇಲಿವೆ.